ಅತ್ತೆಗೆ ಓದದೆ ಬಿಟ್ಟ ಪುಟಗಳು

ಬಿಬವೇವಾಡಿಯ ಅಂಬಾಬಾಯಿ ಮಾತಿಗೆ ನಿಂತರೆ ಅಪ್ಪಟ ಕನ್ನಡ, ಓದಲು ಕೂತರೆ ಬರೀ ಮರಾಠಿ. ಪುಣೆಯಲ್ಲೇ ಹುಟ್ಟಿ ಮರಾಠಿ ಶಾಲೆಗೆ ಹೋದವರ ಹಣೆಬರಹವೇ ಅಷ್ಟು. ಅದಕ್ಕೇ ರವಿವಾರ ಊಟವಾದ ಮೇಲೆ ಸೊಸೆ ಅನುಸೂಯಾ ಕನ್ನಡ ಕಾದಂಬರಿ ಹಿಡಿದು ಓದಬೇಕು, ಅತ್ತೆ ಕಣ್ಣು ಮುಚ್ಚಿ ಕೇಳಬೇಕು. ಇಬ್ಬರಿಗೂ ಒಬ್ಬಳೇ ಲೇಖಕಿ ಅಚ್ಚುಮೆಚ್ಚು. ಆಕೆಯ ಕಥೆಗಳಲ್ಲಿ ಕುಕ್ಕರಿನ ಸೀಟಿಯೂ ಇರುತ್ತದೆ, ಕೆಟ್ಟುನಿಂತ ಲಿಫ್ಟೂ ಇರುತ್ತದೆ, ಪ್ರೇಮಕ್ಕಂತೂ ಬರವೇ ಇಲ್ಲ.

“ಇಂದೂನ ಕಥಿ ಇನ್ನೊಮ್ಮೆ ಓದು,” ಎಂದು ಅತ್ತೆ ಅಂದಾಗ ಅನುಸೂಯಾ ತಡಬಡಿಸಿ ಬೇರೆ ಪುಸ್ತಕ ಎತ್ತಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ಅವಳು.

“ಹೊಸಾದು ತಂದೀನ್ರಿ, ಅತ್ತಿ.”

“ಹೊಸಾದು ಎಲ್ಲಿ ಓಡಿ ಹೋಗ್ತದ? ಇದನ್ನ ಓದು.”

ಅಂಜಿಕೆಗೆ ಕಾರಣವಿತ್ತು. ಎರಡು ವರ್ಷದ ಹಿಂದೆ ಇದೇ ಪುಸ್ತಕ ಓದುತ್ತಿದ್ದ ದಿನಗಳಲ್ಲಿ, ಕೆಳಗಿನ ಹಿಟ್ಟಿನ ಗಿರಣಿಯ ಶಂಕ್ರೆಪ್ಪ ತನ್ನನ್ನು ಮದುವೆಯಾಗುತ್ತೀರಾ ಎಂದು ಅಂಬಾಬಾಯಿಯನ್ನು ಕೇಳಿದ್ದ. ಅವನಿಗೆ ಹೆಂಡತಿಯಿಲ್ಲ, ಇವಳಿಗೆ ಗಂಡನಿಲ್ಲ. ಬೀಸಿದ ಹಿಟ್ಟನ್ನು ತಾನೇ ಮೂರನೇ ಮಹಡಿಗೆ ಹೊತ್ತು ತರುವಷ್ಟು ಅಕ್ಕರೆ ಅವನಿಗೆ. ಅಂಬಾಬಾಯಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. “ಇಂದೂ ಏನ್ ಮಾಡ್ತಾಳ ನೋಡೂಣು,” ಎಂದು ನಕ್ಕಿದ್ದಳು.

ಕಾದಂಬರಿಯ ಇಂದೂ ಕೂಡ ವಿಧವೆ, ಮೊಮ್ಮಗಳಿದ್ದವಳು. ಕೊನೆಯ ಅಧ್ಯಾಯದಲ್ಲಿ ಅವಳು ಸುಬ್ಬಯ್ಯನೆಂಬ ಬಸ್ ಕಂಡಕ್ಟರನ ಕೈ ಹಿಡಿಯುತ್ತಾಳೆ. ಅದನ್ನು ಓದಿಬಿಟ್ಟರೆ ಅತ್ತೆಯೂ ಹೊರಟೇಹೋದಾಳು ಎಂದು ಅನುಸೂಯಾ ಹೆದರಿದಳು. ತನಗೆ ವಿಮಾನ ನಗರದ ಆಫೀಸು, ಗಂಡ ಧರ್ಮರಾಜನಿಗೆ ಕಾರ್ಖಾನೆಯ ಪಾಳಿ; ಮಗಳು ಪುಟ್ಟಿಯನ್ನು ನೋಡಿಕೊಳ್ಳುವವರು ಯಾರು? ಆ ದಿನ ಪುಸ್ತಕದ ಮೇಲೆ ಕಣ್ಣಿಟ್ಟೇ ಬಾಯಿಗೆ ಬಂದದ್ದನ್ನು ಓದಿದಳು. ಅವಳ ಇಂದೂ ಸುಬ್ಬಯ್ಯನನ್ನು ಒಲ್ಲೆ ಅಂದಳು. ಮರುದಿನ ಅಂಬಾಬಾಯಿ ಶಂಕ್ರೆಪ್ಪನನ್ನು ಒಲ್ಲೆ ಅಂದಳು. ಅವನು ಗಿರಣಿ ಮಾರಿ ಪಿಂಪ್ರಿಯ ಮಗಳ ಮನೆ ಸೇರಿದ.

ಈಗ ಮತ್ತೆ ಅದೇ ಕೊನೆಯ ಅಧ್ಯಾಯ ಬಂತು. ಹಳೆಯ ಸುಳ್ಳನ್ನೇ ಓದೋಣವೆಂದು ಅನುಸೂಯಾ ಬಾಯಿ ತೆರೆದಳು. ಏನು ಹೇಳಿದ್ದೆನೋ ಒಂದಕ್ಷರವೂ ನೆನಪಾಗಲಿಲ್ಲ.

“ಯಾಕ ನಿಂತಿ? ‘ಈ ಕೂಸಿನ ಕೈ ಬಿಟ್ಟು ಬಂದರೆ ನನಗೆ ಸುಖವಿಲ್ಲ’ ಅಂತಾಳಲ್ಲ, ಅದು. ನನಗ ಬಾಯಿಪಾಠ ಆಗ್ಯದ.”

ಅಂಬಾಬಾಯಿ ಅದನ್ನು ದೇವರ ಮುಂದಿನ ಹಾಡಿನಂತೆ ಹೇಳಿದಳು. ಪುಸ್ತಕದಲ್ಲಿ ಅಂಥ ಸಾಲೇ ಇರಲಿಲ್ಲ. ಇಷ್ಟು ನಾಚಿಕೆ ಅನುಸೂಯಾಳಿಗೆ ಜನ್ಮದಲ್ಲಿ ಆಗಿರಲಿಲ್ಲ. ತಲೆ ತಗ್ಗಿಸಿ, ಅಚ್ಚಾದದ್ದನ್ನು ಅಚ್ಚಾದಂತೆ ಕೊನೆಯವರೆಗೂ ಓದಿದಳು.

ಅತ್ತೆ ಕಣ್ಣು ತೆರೆದಳು. “ಮೊದಲಿಂದೂ ಹಿಂಗ ಇತ್ತೇನು?”

“ಹೌದ್ರಿ. ಪುಟ್ಟಿ ಸಣ್ಣಾಕಿ ಇದ್ಲು. ನೀವು ಹೋಗಿಬಿಡ್ತೀರಂತ ಅಂಜಿದೆ. ತಪ್ಪಾತ್ರಿ, ಅತ್ತಿ.”

ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದಳು. ಅತ್ತೆ ಬೈಯಲಿಲ್ಲ.

“ಹೋಗಬ್ಯಾಡ್ರಿ ಅಂತ ನೀ ಬಾಯಿಬಿಟ್ಟು ಅಂದಿದ್ರ ಇರ್ತಿದ್ದೆನೋ ಏನೋ,” ಎಂದು ಪುಸ್ತಕ ಇಸಿದುಕೊಂಡು ಎದ್ದಳು.

“ಎಲ್ಲಿಗ್ರಿ? ಈಗ ಓದಿದ್ದು ಖರೇನ ಅದರಿ. ದೇವರಾಣಿ.”

“ಅವತ್ತೂ ನೀ ಹಿಂಗ ಭಾಳ ಛಂದ ಓದಿದ್ದಿ.”

ಚಪ್ಪಲಿ ಮೆಟ್ಟಿಕೊಂಡು ಅಂಬಾಬಾಯಿ ಮೆಟ್ಟಿಲಿಳಿದಳು. ಎರಡನೇ ಮಹಡಿಯಲ್ಲಿ ರಂಜಿನಿಯೆಂಬ ಹುಡುಗಿಯಿದ್ದಳು, ಮೈಸೂರಿನಿಂದ ಐಟಿ ಕೆಲಸಕ್ಕೆ ಬಂದವಳು. ಅವಳ ಮನೆಯ ಬೆಲ್ಲು ಬಾರಿಸಿದ್ದು ಮೇಲೆ ಬಾಗಿಲಲ್ಲಿ ನಿಂತ ಅನುಸೂಯಾಳಿಗೆ ಕೇಳಿಸಿತು.

“ಬನ್ನಿ ಆಂಟಿ, ಏನಿದು ಬುಕ್ಕು?”

“ಕಡೀ ಅಧ್ಯಾಯ ಒಂದು ಓದಿ ಹೇಳವಾ,” ಎಂದಳು ಅಂಬಾಬಾಯಿ. “ನಮ್ಮ ಮನ್ಯಾಗ ಕನ್ನಡ ಓದೋರು ಯಾರೂ ಇಲ್ಲ.”