ಕೊಲೊಂಬಾಳ ಬೈಗುಳಕ್ಕೆ ಹಿತ್ತಾಳೆ ಫಲಕ

ಕೊಲೊಂಬಾಳ ಮೀನಂಗಡಿಯನ್ನು ಉಳಿಸಬೇಕಾಗಿದ್ದದ್ದು ನಮ್ಮ ಬಾಯಿ. ಜೆನೋವಾದ ಹಳೆ ಬಂದರಿನ ಕಮಾನುಗಳ ಕೆಳಗೆ ಹುಟ್ಟಿದವರ ಬಾಯಿಗೆ ಒಂದು ಅಂಗಡಿಯ ಪ್ರಾಣವನ್ನು ಒಪ್ಪಿಸುವುದೂ ಒಂದೇ, ಬೆಕ್ಕಿನ ಕೈಗೆ ಮೀನಿನ ಬುಟ್ಟಿ ಕೊಟ್ಟು ಕಾಯಲು ಹೇಳುವುದೂ ಒಂದೇ.

ಆದದ್ದಿಷ್ಟು. ಕೊಲೊಂಬಾಳ ಅಜ್ಜಿ ಬಾಣಲೆ ಇಟ್ಟ ಜಾಗದಲ್ಲೇ ಅವಳೂ ಮೀನು ಕರಿಯುತ್ತಾ ಬಂದವಳು. ಕಟ್ಟಡದ ಮಾಲೀಕನಿಗೆ ಅವಳನ್ನು ಎಬ್ಬಿಸಿ ಅಲ್ಲೊಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ಟುಗಳ ಅಂಗಡಿ ತೆರೆಯುವ ಆಸೆ. ನಮ್ಮ ಬೀದಿಯಲ್ಲಿ ಅಂಥ ಅಂಗಡಿಗಳು ಈಗಾಗಲೇ ಎಷ್ಟಿವೆಯೆಂದರೆ, ಬಂದರಿಗೆ ಬರುವ ಹಡಗುಗಳ ದಿಕ್ಸೂಚಿ ಕೆಡದಿರುವುದೇ ಒಂದು ಪವಾಡ. ಅವಳಿಗೆ ಉಳಿದ ದಾರಿ ಒಂದೇ. ಹಳೆಯ ಅಂಗಡಿಗಳಿಗೆ ಒಂದು ಸಮಿತಿ ಹಿತ್ತಾಳೆ ಫಲಕ ಕೊಡುತ್ತದೆ. ಅದನ್ನು ಗೋಡೆಗೆ ಹೊಡೆದರೆ ಮಾಲೀಕ ಮುಟ್ಟುವ ಹಾಗಿಲ್ಲ. ಫಲಕ ಕೊಡುವ ಮೊದಲು ಮಿಲಾನಿನಿಂದ ಒಬ್ಬ ಬಂದು ಕೇರಿಯನ್ನೆಲ್ಲ ಸುತ್ತಿ, ಅಂಗಡಿ ಹೇಗೆ ಎಂದು ನೆರೆಹೊರೆಯವರನ್ನು ಕೇಳುತ್ತಾನೆ.

ಕೊಲೊಂಬಾ ನಮ್ಮನ್ನೆಲ್ಲ ಬಾಣಲೆಯ ಮುಂದೆ ನಿಲ್ಲಿಸಿಕೊಂಡಳು.

"ಕೇಳ್ರೋ ಮುದಿ ಗೂಬೆಗಳಾ. ಅವನು ಬಂದಾಗ ಬಾಯಿ ಬಿಗಿ ಹಿಡ್ಕೊಳ್ಳಿ. ಒಂದೇ ಒಂದು ಬೆಳಿಗ್ಗೆ. ಮೀನು ಚೆನ್ನಾಗಿದೆ ಅನ್ನಿ, ಸಾಕು."

"ಸುಳ್ಳು ಹೇಳು ಅಂತೀಯಾ?" ಎಂದ ಪ್ರಾಸ್ಪೆರೊ. ಅವನು ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದವನು; ಅವನ ಸಾರು ಕುಡಿದು ಬದುಕಿದವರು ಇನ್ನೂ ಇದ್ದಾರೆ, ಕೆಲವರು.

"ಸುಳ್ಳಾ? ಬಾಯಲ್ಲಿ ಹಲ್ಲಿದ್ದ ಕಾಲದಿಂದ ದಿನಾ ಬಂದು ಕಾಗದ ಸಮೇತ ನೆಕ್ಕೊಂಡು ಹೋಗ್ತೀಯಲ್ಲೋ!"

"ತಿಂದದ್ದು ಹಸಿವಿಗೆ. ಚೆನ್ನಾಗಿದೆ ಅಂತ ನಾನ್ಯಾವತ್ತು ಅಂದೆ?"

ಮೂರನೇ ಮಹಡಿಯ ಕಿಟಕಿಯಿಂದ ಎರ್ಸಿಲಿಯಾ ಕೂಗಿದಳು: "ನಂಗೆ ಬಿಡೇ. ಆ ಮಾತೆ ಮರಿಯಳಾಣೆ, ಹೊಗಳಿ ಅಟ್ಟಕ್ಕೇರಿಸ್ತೀನಿ." ಎರ್ಸಿಲಿಯಾ ಮೊಣಕಾಲು ಕೈಕೊಟ್ಟ ಮೇಲೆ ಕೆಳಗಿಳಿಯುವುದಿಲ್ಲ, ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಡುತ್ತಾಳೆ, ಕೊಲೊಂಬಾ ಅದಕ್ಕೆ ಮೀನು ತುಂಬುತ್ತಾಳೆ.

ಬಂದವನ ಹೆಸರು ಡಾಕ್ಟರ್ ಫುಲ್ಜೆನ್ಸಿ. ನಮ್ಮಲ್ಲಿ ಕಾಲೇಜು ಮುಗಿಸಿದವರೆಲ್ಲ ಡಾಕ್ಟರೇ, ನೆಗಡಿಗೆ ಮದ್ದು ಗೊತ್ತಿಲ್ಲದಿದ್ದರೂ. ಬಿಳಿ ಬಟ್ಟೆಯ ಬೂಟು ಹಾಕಿಕೊಂಡು ನಮ್ಮ ಓಣಿಗಳಿಗೆ ಇಳಿದಿದ್ದ. ಬಂದರಿನಲ್ಲಿ ಮೂಟೆ ಹೊತ್ತವನು, ಓಣಿ ಓಣಿ ಗೊತ್ತಿರುವವನು ಎಂದು ಅವನನ್ನು ಸುತ್ತಿಸುವ ಕೆಲಸ ನನಗೆ ಬಿತ್ತು.

ಅವನಿಗೆ ಎಲ್ಲವೂ ಆಹಾ. ಕಪ್ಪುಬಿಳಿ ಪಟ್ಟೆಯ ಕಲ್ಲುಗೋಡೆ ಕಂಡರೆ ಆಹಾ. ಯಾರದೋ ಒಳಚಡ್ಡಿ ಒಣಗುತ್ತಿದ್ದರೆ ಅದಕ್ಕೂ ಆಹಾ, ಜೊತೆಗೊಂದು ಫೋಟೊ. ಒಂದು ಇಕ್ಕಟ್ಟು ಓಣಿಯ ತಿರುವಿನಲ್ಲಿ ಕಣ್ಣು ಮುಚ್ಚಿ ಎದೆ ತುಂಬ ಗಾಳಿ ಎಳೆದುಕೊಂಡ.

"ಸಮುದ್ರದ ಉಸಿರು, ಅಲ್ವಾ ಲಾಜಾರೊ ಅವ್ರೇ?"

ಸಮುದ್ರದ್ದಲ್ಲ; ಶನಿವಾರ ಕುಡಿದು ಬಂದ ಹುಡುಗರು ಗೋಡೆಗೆ ಹೊಯ್ದದ್ದು. ನಾನು ಹೌದೆಂದೆ. ಕೊಲೊಂಬಾ ಬಾಯಿ ಬಿಗಿ ಹಿಡಿ ಎಂದಿದ್ದಳಲ್ಲ.

"ನಿಜವಾದ ಸಮುದ್ರ ಎಲ್ಲಿ ಕಾಣಿಸುತ್ತೆ?"

"ಆ ಮೇಲ್ಸೇತುವೆ ಹಿಂದೆ, ಡಾಕ್ಟರೇ. ನೆಗಡಿ ಆಗದಿರಲಿ ಅಂತ ಎಂಜಿನಿಯರುಗಳು ಮುಚ್ಚಿಟ್ಟಿದ್ದಾರೆ."

ಅವನು ಅದನ್ನೂ ಬರೆದುಕೊಂಡ.

ಕೊನೆಗೆ ಅಂಗಡಿಗೆ ಬಂದೆವು. ಕೊಲೊಂಬಾ ಇಸ್ತ್ರಿ ಮಾಡಿದ ಏಪ್ರನ್ ತೊಟ್ಟು ನಗಲು ಪ್ರಯತ್ನಿಸುತ್ತಿದ್ದಳು. ನೋಡಿದರೆ ದವಡೆ ಹಲ್ಲು ಕೀಳಿಸಿಕೊಂಡು ಬಂದವಳಂತಿದ್ದಳು. ಡಾಕ್ಟರ್ ಮೊದಲು ಕಿಟಕಿಯತ್ತ ತಲೆಯೆತ್ತಿದ.

"ಅಮ್ಮಾವ್ರೇ, ಈ ಅಂಗಡಿ ಹೇಗಿದೆ?"

"ಚೆನ್ನಾಗಿದೆ!" ಎಂದಳು ಎರ್ಸಿಲಿಯಾ. ಕೆಳಗೆ ನಾವೆಲ್ಲ ಉಸಿರು ಬಿಟ್ಟೆವು. ಅಲ್ಲಿಗೆ ಕಿಟಕಿ ಹಾಕಿಕೊಂಡಿದ್ದರೆ ಮುಗಿದಿತ್ತು. "ಚೆನ್ನಾಗೇನೋ ಇದೆ, ಆದ್ರೆ ಇವಳಮ್ಮನ ಕಾಲದಲ್ಲಿ ಎಣ್ಣೆ ಹೀಗಿರ್ಲಿಲ್ಲ. ಇವಳು ಸುರಿಯೋ ಉಪ್ಪಿಗೆ ನಂಗೆ ಬಿಪಿ ಏರಿ, ಹೋದ ಚಳಿಗಾಲ ಕೊನೇ ಪ್ರಾರ್ಥನೆಗೆ ಪಾದ್ರಿನ ಕರೆಸಿದ್ರು. ಮೀನಂತೂ ದಿನದಿನಕ್ಕೆ ಸಣ್ಣ ಆಗ್ತಿದೆ, ಮುಂದಿನ ವರ್ಷ ಬರೀ ಕಣ್ಣು ಕರಿದು ಕೊಡ್ತಾಳೆ ನೋಡಿ. ಏ ಕೊಲೊಂಬಾ! ಬುಟ್ಟಿ ಬಂತು, ತುಂಬ್ಸು, ಕೈ ಬಿಗಿ ಮಾಡ್ಬೇಡ!"

ಡಾಕ್ಟರ್ ಪ್ರಾಸ್ಪೆರೊನ ಕಡೆ ತಿರುಗಿದ. ಪ್ರಾಸ್ಪೆರೊನ ಬಾಯಿ ತುಂಬಿತ್ತು.

"ಈ ಹತ್ತು ಕಾಲಿನ ಬೊಂಡಾಸ್ ಮೀನಾ? ಹಡಗು ಕಟ್ಟೋ ಹಗ್ಗ ಇದಕ್ಕಿಂತ ಮೆತ್ತಗಿರುತ್ತೆ."

"ಮತ್ತೆ ದಿನಾ ಇಲ್ಲೇ ಯಾಕೆ ತಿಂತೀರಿ?"

"ಇನ್ನೆಲ್ಲಿ ತಿನ್ಲಿ?" ಎಂದ ಪ್ರಾಸ್ಪೆರೊ, ಪ್ರಶ್ನೆಯೇ ಅರ್ಥವಾಗದವನಂತೆ.

ಈಗ ಎಲ್ಲರೂ ನನ್ನನ್ನು ನೋಡಿದರು. ನಾನು ಮನಸ್ಸು ಗಟ್ಟಿ ಮಾಡಿಕೊಂಡು ಬಾಯಿ ತೆರೆದೆ. "ಕಡಲೆಹಿಟ್ಟಿನ ರೊಟ್ಟಿ ಬಹಳ..." ಎಂದೆ. ಒಳ್ಳೆಯ ಮಾತು ಗಂಟಲಿನಲ್ಲೇ ಮೀನಿನ ಮುಳ್ಳಿನ ಹಾಗೆ ಅಡ್ಡ ನಿಂತಿತು. "...ಅಂಚು ಸೀದಿರುತ್ತೆ."

ಕೊಲೊಂಬಾಳ ನಗು ಅಲ್ಲಿಗೆ ಕಳಚಿಬಿತ್ತು. "ಸೀದ ಅಂಚೇ ಬೇಕು ಅಂತ ದಿನಾ ನನ್ ಜೊತೆ ಜಗಳಕ್ಕೆ ಬೀಳೋ ಪ್ರಾಣಿ ನೀನೇ ಅಲ್ವೇನೋ, ಲಾಜಾರೊ? ಚಿಕ್ಕಂದಿನಿಂದ ನಿನ್ನ ಸಹಿಸ್ಕೊಂಡಿದೀನಲ್ಲ, ನನಗೆ ಕೊಡಬೇಕು ಫಲಕ! ಮತ್ತೆ ನೀವು ಸ್ವಾಮಿ, ಆ ಕಟ್ಟೆಗೆ ಒರಗಬೇಡಿ, ಈಗಷ್ಟೇ ಒರೆಸಿದೀನಿ!"

ಅಲ್ಲಿಂದ ಡಾಕ್ಟರ್ ಪಕ್ಕದ ಹೋಟೆಲಿನ ಬಗ್ಗೆಯೂ ಕೇಳಿದ. ಅದೂ ಫಲಕಕ್ಕೆ ಅರ್ಜಿ ಹಾಕಿತ್ತು. ಮೊನ್ನೆ ಮೊನ್ನೆ ತೆರೆದದ್ದು. ಗೋಡೆಗೆ ಪ್ಲಾಸ್ಟಿಕ್ಕಿನ ಬಲೆ, ಪ್ಲಾಸ್ಟಿಕ್ಕಿನ ಏಡಿ, "ಪುರಾತನ" ಎಂಬ ಹೊಸ ಬೋರ್ಡು. ನಮ್ಮವರೆಲ್ಲ ಟೋಪಿ ತೆಗೆದು ಹೇಳಿದರು: ಸಭ್ಯ ಜನ, ಏನೂ ದೂರಿಲ್ಲ, ದೇವರು ಚೆನ್ನಾಗಿಟ್ಟಿರಲಿ.

ಸ್ಟೇಷನ್ನಿಗೆ ಹೋಗುವ ಮೊದಲು ಅವನು ನನಗೊಂದು ಕಾಫಿ ಕೊಡಿಸಿದ. ಪಾಪ, ಮುಖ ಬಾಡಿತ್ತು.

"ನಾನು ಹೇಗೆ ಫಲಕ ಕೊಡ್ಲಿ ಹೇಳಿ? ಆಯಮ್ಮನ ಅಂಗಡಿ ಒಬ್ರಿಗೂ ಇಷ್ಟ ಇಲ್ಲ. ಪಕ್ಕದ ಹೋಟೆಲನ್ನ ಎಲ್ರೂ ಗೌರವದಿಂದ ಹೊಗಳಿದ್ರು."

ಉಪ್ಪುರೊಟ್ಟಿಯನ್ನು ಹಾಲುಕಾಫಿಯಲ್ಲಿ ಅದ್ದುತ್ತಿದ್ದವನು ನಾನು; ತುಂಡು ಲೋಟದೊಳಗೇ ಬಿತ್ತು.

"ಅಯ್ಯೋ ನಿಮ್ಮ ಓದಿಗೆ ಬೆಂಕಿ ಬೀಳ್ಲಿ ಡಾಕ್ಟರೇ! ಆ ಹೋಟೆಲಿಗೆ ನಮ್ಮವರೊಬ್ರೂ ಕಾಲಿಟ್ಟಿಲ್ಲ. ಗುರುತಿಲ್ಲದವರಿಗೆ ನಾವು ಮರ್ಯಾದೆ ಕೊಡ್ತೀವಿ, ದೂರ ಇಡೋಕೆ. ಗೊಣಗೋದು ನಮ್ಮವರ ಮೇಲೆ ಮಾತ್ರ. ಕೊಲೊಂಬಾ ಮೀನಿನ ಮೇಲೆ ಗೊಣಗಿದಷ್ಟು ನಾವು ನಮ್ಮ ಹೆಂಡ್ರ ಮೇಲೂ ಗೊಣಗಿಲ್ಲ."

ಹಿರಿಯರು ಹೇಳುತ್ತಿದ್ದ ಕಥೆಯನ್ನೂ ಹೇಳಿದೆ. ಹಿಂದೆ ಹಡಗಿಗೆ ಸೇರುವಾಗ ಎರಡು ಬಗೆಯ ಸಂಬಳವಿತ್ತಂತೆ: ಬಾಯಿ ಮುಚ್ಚಿಕೊಂಡು ದುಡಿದರೆ ಹೆಚ್ಚು, ಗೊಣಗುವ ಹಕ್ಕು ಬೇಕಿದ್ದರೆ ಕಡಿಮೆ. ನಮ್ಮವರು ಕಡಿಮೆಯದನ್ನೇ ಆರಿಸುತ್ತಿದ್ದರಂತೆ. ಲೋಕವೆಲ್ಲ ಜಿಪುಣರೆಂದು ಆಡಿಕೊಳ್ಳುವ ನಾವು ಮನಸಾರೆ ದುಡ್ಡು ಕೊಟ್ಟು ಕೊಂಡದ್ದು ಅದೊಂದನ್ನೇ.

"ಆ ಗೊಣಗಾಟಕ್ಕೆ ನಿಮ್ಮ ಮಾತಲ್ಲಿ ಏನಂತೀರಿ?"

"ಮುಗುನ್ಯೊ."

ಅವನ ಕಣ್ಣು ಹೊಳೆಯಿತು. ಓದಿದವರ ಕಣ್ಣು ಹಾಗೆ ಹೊಳೆದರೆ, ಬಡವರ ಮನೆಯಿಂದ ಏನೋ ಒಂದು ಮ್ಯೂಸಿಯಮ್ಮಿಗೆ ಹೋಯಿತೆಂದೇ ಲೆಕ್ಕ.

ಫಲಕ ಬಂತು. ಹೋಟೆಲಿಗಲ್ಲ, ಕೊಲೊಂಬಾಳಿಗೇ: "ಪಾರಂಪರಿಕ ಗೊಣಗಾಟದ ಮೀನಂಗಡಿ." ಮಾಲೀಕ ಹುಳಿ ದ್ರಾಕ್ಷಿ ತಿಂದವನಂತೆ ಮುಖ ಮಾಡಿಕೊಂಡು ಹೋದ. ನಾವೆಲ್ಲ ಸೇರಿ ಹಿತ್ತಾಳೆ ತೆಳು, ಮೊಳೆ ಸೊಟ್ಟ, ಅಕ್ಷರ ಓದಲಾಗುವುದಿಲ್ಲ ಎಂದು ಸಂಜೆಯವರೆಗೆ ಸಂಭ್ರಮಪಟ್ಟೆವು. ಕೊಲೊಂಬಾ ನಮಗೆಲ್ಲ ಬಿಟ್ಟಿ ಮೀನು ಹಾಕಿ, ಬಿಟ್ಟಿ ಸಿಕ್ಕಿದರೆ ಹೇಗೆ ಮುಕ್ಕುತ್ತೀರಿ ನೋಡಿ ಎಂದು ಬೈದಳು.

ಆಮೇಲೆ ಕೊಡೆ ಎತ್ತಿ ಹಿಡಿದ ಗೈಡುಗಳು ಬಂದರು. ಅವರ ಹಿಂದೆ ದೊಡ್ಡ ಹಡಗುಗಳಿಂದ ಇಳಿದ ಜನ, ಕುರಿಮಂದೆಯ ಹಾಗೆ.

"ಬನ್ನಿ, ಈಗ ಸಾಲಾಗಿ ನಿಂತು ಬೈಸಿಕೊಳ್ಳೋಣ!" ಎಂದು ಗೈಡುಗಳ ಕೂಗು.

ಕೊಲೊಂಬಾ ಮೊದಮೊದಲು ನಿಜವಾಗಿಯೇ ಬೈದಳು. "ಬಾಗಿಲಿಗೆ ಅಡ್ಡ ನಿಲ್ಲೋದನ್ನ ನಿಮ್ಮಮ್ಮ ಕಲಿಸಿದ್ಲಾ?" ಅವರು ಚಪ್ಪಾಳೆ ತಟ್ಟಿದರು. ಚಪ್ಪಾಳೆಗೆ ರೇಗಿ ಇನ್ನಷ್ಟು ಬೈದಳು. ಅವರು ಇನ್ನಷ್ಟು ತಟ್ಟಿದರು. ಒಬ್ಬಳು ಡಚ್ ಹೆಂಗಸು, ಗಂಡನಿಗೆ ಬೈದ ಕೊಲೊಂಬಾ ತನಗೆ ಬೈಯಲಿಲ್ಲವೆಂದು ಸಮಿತಿಗೆ ದೂರು ಕೊಟ್ಟಳು. ಪರಂಪರೆಯನ್ನು ಎಲ್ಲರಿಗೂ ಸಮಾನವಾಗಿ ಒದಗಿಸಬೇಕೆಂದು ಸಮಿತಿಯಿಂದ ಸೂಚನೆ ಬಂತು. ಅಂದಿನಿಂದ ಕೊಲೊಂಬಾ ತಪ್ಪದೆ ತಲೆಗೊಂದು ಬೈಯುತ್ತಾಳೆ, ನಡುನಡುವೆ ಜೇನು ಹಾಕಿದ ಬಿಸಿನೀರು ಕುಡಿದು ಗಂಟಲು ಸರಿಮಾಡಿಕೊಳ್ಳುತ್ತಾಳೆ.

ನಮ್ಮ ಪಾಡು ಕೇಳಬೇಡಿ. ಪ್ರಾಸ್ಪೆರೊ ಎಣ್ಣೆಯ ಬಗ್ಗೆ ಗೊಣಗಿದರೆ ಸುತ್ತ ಫೋನು ಹಿಡಿದು ನಿಲ್ಲುತ್ತಾರೆ. ಇನ್ನೊಮ್ಮೆ ಹೇಳಿ, ಬೆಳಕಿನ ಕಡೆ ತಿರುಗಿ ಎನ್ನುತ್ತಾರೆ. ಅವನೀಗ ಮೂಕನಂತೆ ತಿಂದು ಹೋಗುತ್ತಾನೆ. ಎರ್ಸಿಲಿಯಾ ಬುಟ್ಟಿ ಇಳಿಸಿದರೆ ಯಾರಾದರೂ ಅದರೊಳಗೆ ತಮ್ಮ ಕೂಸನ್ನು ಕೂರಿಸಿ ಫೋಟೊ ತೆಗೆಯುತ್ತಾರೆ. ಆದರೂ ಒಪ್ಪಬೇಕಾದ ಮಾತು ಒಪ್ಪಬೇಕು: ಅಂಗಡಿ ಉಳಿಯಿತು. ಅವಳು ಬೇಡಿದ್ದು ಅದನ್ನೇ.

ಮೊನ್ನೆ ಸಂಜೆ ಕೊನೆಯ ಗುಂಪು ಹಡಗು ಹತ್ತಿದ ಮೇಲೆ ಒಳಗೆ ಹೋದೆ. ಕೊಲೊಂಬಾ ಒಬ್ಬಳೇ ಬಾಣಲೆ ಉಜ್ಜುತ್ತಿದ್ದಳು. ಉಳಿದ ಮೀನನ್ನು ಪೊಟ್ಟಣಕ್ಕೆ ಹಾಕಿ ನನ್ನತ್ತ ಸರಿಸಿದಳು. ಒಂದು ಬಾಯಿಗೆ ಹಾಕಿಕೊಂಡೆ.

"ಏನೇ ಇದು, ಉಪ್ಪಿನ ಮೂಟೆನೇ ಬೋರಲು ಹಾಕಿದ್ಯಾ? ರೊಟ್ಟಿ ಅಂಚೂ ಸೀದಿಲ್ಲ. ನಿನ್ನಜ್ಜಿ ನೋಡಿದ್ರೆ ಸೌಟಲ್ಲಿ ಬಾರಿಸ್ತಿದ್ಲು."

ಹೇಳಿ ಬೈಗುಳಕ್ಕೆ ಕಾದೆ. ಈಗ ಬರುತ್ತದೆ, ಈಗ ಬರುತ್ತದೆ ಎಂದು ಬಗ್ಗಿಸಿದ ತಲೆಯನ್ನೂ ಎತ್ತಲಿಲ್ಲ.

ಅವಳು ಬಾಣಲೆ ಕೆಳಗಿಟ್ಟು, ಕೈ ಒರೆಸಿಕೊಂಡು, ಇಡೀ ದಿನ ಬೈದು ಒಡೆದ ದನಿಯಲ್ಲಿ ಕೇಳಿದಳು: "ಕ್ಷಮಿಸಿ. ನಿಮಗೆ ಬೇರೆ ಹಾಕಿ ಕೊಡಲಾ?"

"ಬೇಡ ಅಮ್ಮಾವ್ರೇ," ಎಂದೆ. "ತುಂಬಾ ಚೆನ್ನಾಗಿದೆ."