ಹಿಂಬದಿಯ ಗೆರೆ

ಮೂವತ್ತು ವರ್ಷ ಅಂಗಿ ಹೊಲಿದ ಕೈ ನನ್ನದು. ಆದರೂ ಹತ್ತನೇ ತರಗತಿಯ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದೆ. ಹೊಲಿಗೆ ಶಾಲೆಯವರು ಟೀಚರ್ ಕೆಲಸ ಕೊಡಲು ತಯಾರಿದ್ದರು, ಹತ್ತನೇದು ಪಾಸಾಗಿರಬೇಕು ಅಷ್ಟೇ. ಇದೊಂದು ಸಲ ನೋಡುತ್ತೇವೆ, ಆಮೇಲೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಅಂದಿದ್ದರು.

ಪಾಠ ಹೇಳಲು ಮಗಳೇ ಕೂತಳು. ಗುಂಡಿ ಡಬ್ಬಿ ಸರಿಸಿ ಮೇಜಿನ ಮೇಲೆ ಗ್ರಾಫ್ ಹಾಳೆ ಹಾಸಿದಳು. ಅಡ್ಡ ಒಂದು, ಉದ್ದ ಒಂದು ಗೆರೆ ಎಳೆದರೆ ಹಾಳೆ ನಾಲ್ಕು ಮನೆಯಾಗುತ್ತದೆ. ಪುಸ್ತಕದವರು ಅದನ್ನು ಚತುರ್ಥಕ ಅನ್ನುತ್ತಾರೆ. ಮೇಲೆ ಬಲಗಡೆ ಒಂದನೇದು, ಮೇಲೆ ಎಡಗಡೆ ಎರಡು, ಅದರ ಕೆಳಗೆ ಮೂರು, ಉಳಿದದ್ದು ನಾಲ್ಕು. ಕೊಟ್ಟ ಸಮೀಕರಣದ ಗೆರೆ ಯಾವ್ಯಾವ ಮನೆ ಹೊಕ್ಕು ಹೋಗುತ್ತದೆ ಅಂತ ಹೇಳಬೇಕು.

“y = 3 − 2x. ಹೇಳು ನೋಡೋಣ.”

ಬಿಂದು ಹಾಕಿ ಗೆರೆ ಎಳೆದೆ. “ಒಂದು, ಎರಡು, ಮೂರು.”

“ಅಮ್ಮಾ! ಒಂದು, ಎರಡು, ನಾಲ್ಕು. ಲೆಕ್ಕ ಸರಿ ಮಾಡ್ತೀಯ, ಗೆರೆ ಯಾಕೆ ಉಲ್ಟಾ ಎಳೀತೀಯ?”

“ನಿನ್ನ ತಲೆ! ಗೆರೆ ಎಳೆಯೋದು ನಂಗೇ ಹೇಳ್ಕೊಡ್ತೀಯಾ?”

ಸಿಟ್ಟಿನಲ್ಲಿ ಬಟ್ಟೆ ಎಳೆದುಕೊಂಡು ಅಂಗಿಯ ಜೇಬಿಗೆ ಗುರುತು ಹಾಕತೊಡಗಿದೆ. ಅವಳು ಸುಮ್ಮನಿರಬೇಕಲ್ಲ!

“ಎದುರಿಂದ ನೋಡಿದ್ರೆ ಜೇಬು ಬಲಗಡೆ ಕಾಣ್ಬೇಕಲ್ವಾ? ಎಡಕ್ಕೆ ಯಾಕೆ ಹಾಕ್ತಿದ್ದೀಯ?”

“ಇದು ಬಟ್ಟೆ ಹಿಂಬದಿ ಕಣೇ. ಸೀಮೆಸುಣ್ಣ ಹೊರಗೆ ಕಾಣ್ಬಾರ್ದಲ್ಲ. ತಿರುಗಿಸಿದ್ರೆ ಸರಿಹೋಗುತ್ತೆ.”

ಅವಳು ನನ್ನ ಗ್ರಾಫ್ ಹಾಳೆಯನ್ನು ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಗೆರೆ ಒಂದು, ಎರಡು, ನಾಲ್ಕನೇ ಮನೆಯಲ್ಲೇ ಹಾದುಹೋಗಿತ್ತು! ಬಲಕ್ಕೆ ಎಣಿಸಬೇಕಾದ್ದನ್ನೆಲ್ಲ ನಾನು ಎಡಕ್ಕೆ ಎಣಿಸಿದ್ದೆ. ನಕ್ಕು ನಕ್ಕು ಇಬ್ಬರಿಗೂ ಹೊಟ್ಟೆ ಹುಣ್ಣಾಯಿತು.

ಪರೀಕ್ಷೆಯಲ್ಲಿ ಅಂಥದ್ದೇ ಪ್ರಶ್ನೆ ಬಂತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ನೋಡಿ, ಹಾಳು ಕೈ ಮತ್ತೆ ಎಡಕ್ಕೇ ಓಡಿತು. ಅನುಮಾನ ಬಂದು ಹಾಳೆ ತಿರುಗಿಸಿ ಕಿಟಕಿಗೆ ಹಿಡಿದೆ. ಕಾವಲಿದ್ದ ಮೇಷ್ಟ್ರು ಓಡಿ ಬಂದರು.

“ಏನಮ್ಮಾ ಅದು?”

“ಸರಿ ಮಗ್ಗುಲು ನೋಡ್ತಿದ್ದೀನಿ ಸರ್.”

ಅಳಿಸಿ ಹೊಸದಾಗಿ ಎಳೆದೆ.

ಪಾಸಾಗಲು ಮೂವತ್ತೈದು ಬೇಕಿತ್ತು, ಬಂದದ್ದು ಮೂವತ್ತಾರು. ಆ ಪ್ರಶ್ನೆಗೆ ಎರಡು ಅಂಕ.

“ಅವತ್ತು ನೀನು ಹಾಳೆ ತಿರುಗಿಸ್ದೇ ಇದ್ದಿದ್ರೆ?” ಅಂದವಳೇ ಮಗಳು ಅತ್ತುಬಿಟ್ಟಳು.

ಸೆರಗಿನಿಂದ ಅವಳ ಕಣ್ಣೊರೆಸಿದೆ.

“ಟೀಚರ್ ಮುಂದೆ ಅಳಬಾರ್ದು ಕಣೇ,” ಅಂದೆ.