ಇಳಿಜಾರು ತಗಡು

ಹನ್ನೆರಡನೆಯದರ ಅಂಚು ಉಜ್ಜಿದ್ದೆನೋ, ಇಲ್ಲವೋ?

ಸ್ಕೂಟರಿನಲ್ಲಿ ಕಾಲಿಡುವ ಜಾಗಕ್ಕೆ ಗ್ರೈಂಡರನ್ನೂ ವೈರಿನ ಸುರುಳಿಯನ್ನೂ ತುರುಕಿಕೊಂಡು ಹೊರಟಿದ್ದ ವೆಲ್ಡರನ ತಲೆಯಲ್ಲಿ ಬೇರೇನೂ ಇರಲಿಲ್ಲ. ಹನ್ನೊಂದು ಪೆಟ್ಟಿಗೆಗಳದ್ದು ಚೆನ್ನಾಗಿ ನೆನಪಿದೆ. ತಗಡು ಬೆಸೆದ ಮೇಲೆ ಅದರ ಅಂಚಿಗೆ ಗ್ರೈಂಡರ್ ಹಿಡಿದು, ಬೆರಳಾಡಿಸಿ ನೋಡಿ, ಮತ್ತೆ ಹಿಡಿದು ಮೊಂಡು ಮಾಡಿದ್ದ. ಹನ್ನೆರಡನೆಯದರ ಹೊತ್ತಿಗೆ ಡಿಸ್ಕು ಸವೆದು ಹೋಗಿತ್ತು. ನಾಳೆ ಬಂದು ಉಜ್ಜಿದರಾಯಿತು ಅಂದುಕೊಂಡಿದ್ದ. ಆ ನಾಳೆ ಬಂದಿತ್ತೇ? ಹೊಸ ಡಿಸ್ಕು ಕೊಂಡದ್ದು ನೆನಪಿದೆ. ಅದನ್ನು ಹಿಡಿದುಕೊಂಡು ಆ ಪೆಟ್ಟಿಗೆಯ ಬಳಿ ಬಂದು ನಿಂತದ್ದು ಎಷ್ಟು ಕೆದಕಿದರೂ ನೆನಪಿಗೆ ಬರುತ್ತಿಲ್ಲ.

ಮೇಲ್ವಿಚಾರಕ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಶಾಲೆ ಗೋಡೆ ಪಕ್ಕದ ಬಟ್ಟೆ ಪೆಟ್ಟಿಗೇಲಿ ಯಾವಳೋ ಒಬ್ಬಳ ಕೈ ಸಿಕ್ಕಾಕೊಂಡಿದೆ. ಕತ್ತರಿಸೋಕೆ ಏನಿದೆಯೋ ತಗೊಂಡು ಬೇಗ ಬನ್ನಿ."

ಶಾಲೆಯ ಗೋಡೆ ಪಕ್ಕದ್ದೇ ಹನ್ನೆರಡನೆಯದು.

ಜನ ತಮಗೆ ಬೇಡವಾದ ಬಟ್ಟೆ ಹಾಕಲೆಂದು ದಾನದ ಸಂಸ್ಥೆಯೊಂದು ಊರಿಡೀ ನಿಲ್ಲಿಸಿದ್ದ ನೀಲಿ ಬಣ್ಣದ ಕಬ್ಬಿಣದ ಪೆಟ್ಟಿಗೆಗಳು ಅವು. ಎದೆಮಟ್ಟದಲ್ಲಿ ಅಗಲವಾದ ಬಾಯಿ. ಹಾಕುವವರಿಗಿಂತ ತೆಗೆಯುವವರೇ ಹೆಚ್ಚಾದಾಗ ಸಂಸ್ಥೆಯ ಮೇಲ್ವಿಚಾರಕ ವೆಲ್ಡರನನ್ನು ಕರೆಸಿ, ಕಾಗದದ ಮೇಲೆ ಗೆರೆ ಎಳೆದು ತೋರಿಸಿದ್ದ. ಬಾಯಿಯ ಹಿಂದೆ ಒಳಮುಖವಾಗಿ ಒಂದು ಇಳಿಜಾರು ತಗಡು. ಬಟ್ಟೆ ಜಾರಿ ಒಳಗೆ ಬೀಳಬೇಕು, ಹಿಂದಕ್ಕೆ ಬರಬಾರದು.

"ಯಾರಾದ್ರೂ ಕೈ ಹಾಕಿದ್ರೆ?" ಎಂದು ಅವನು ಕೇಳಿದ್ದ.

"ಯಾಕೆ ಹಾಕ್ಬೇಕು ಕೈ? ಬಡವರಿಗೆ ಅಂತ ಕೊಟ್ಟಿದ್ದು ಕಣ್ರೀ ಇದು. ಕದಿಯೋರು ಯಾರು ಅಂತೀರಿ? ಬಡವರೇ!" ತನ್ನ ಮಾತಿಗೆ ತಾನೇ ನಕ್ಕು ಮೇಲ್ವಿಚಾರಕ ದನಿ ತಗ್ಗಿಸಿದ್ದ. "ಒಳಗಿನವರೇ ಯಾರೋ ಸುಳಿವು ಕೊಡ್ತಿದ್ದಾರೆ. ಇಲ್ದಿದ್ರೆ ಯಾವ ಪೆಟ್ಟಿಗೆ ತುಂಬಿದೆ ಅಂತ ಅವರಿಗೆ ಹೇಗೆ ಗೊತ್ತಾಗತ್ತೆ? ಸಿಕ್ಕಲಿ ಒಬ್ಬರು, ನೆಂಟರು ಇಷ್ಟರು ಸಮೇತ ಎಲ್ಲರನ್ನೂ ಹೊರಗೆ ಹಾಕ್ತೀನಿ."

ಇನ್ನೂ ಮೂವತ್ತು ಪೆಟ್ಟಿಗೆಗಳ ಕೆಲಸ ಅವನಿಗೇ ಎಂದು ಮಾತಾಗಿತ್ತು. ಬಾಗಿಲು ಕಿಟಕಿಗಳನ್ನೆಲ್ಲ ಜನ ಸಿದ್ಧವಾದದ್ದನ್ನೇ ತರತೊಡಗಿದ ಮೇಲೆ ಅವನ ಅಂಗಡಿಯಲ್ಲಿ ಇದೊಂದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

ಗೋಡೆಯ ಬಳಿ ಹತ್ತು ಹದಿನೈದು ಜನ ಸೇರಿದ್ದರು. ಬೆಳಗಿನ ಬಿಸಿಲು ಪೆಟ್ಟಿಗೆಯ ಮೇಲೆ ನೇರವಾಗಿ ಬೀಳುತ್ತಿತ್ತು.

"ಎಲ್ರೂ ಬಟ್ಟೆ ಕೊಟ್ರೆ ಇವಳು ಕೈನೇ ದಾನ ಮಾಡಿದ್ದಾಳೆ ನೋಡಿ," ಎಂದ ಒಬ್ಬ.

"ಸುಮ್ನಿರ್ರೀ, ಪಾಪ," ಎಂದ ಹೆಂಗಸು ಕೂಡ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ವೆಲ್ಡರನಿಗೆ ಮೊದಲು ಕಂಡದ್ದು ಕಾಲುಗಳು. ಬೋರಲು ಹಾಕಿದ ಪ್ಲಾಸ್ಟಿಕ್ ಪೆಟ್ಟಿಗೆಯ ಮೇಲೆ ಬಲಗಾಲಿಗೆ ಭಾರ ಬಿಟ್ಟು, ಎಡಗಾಲಿನ ಹೆಬ್ಬೆರಳಿನಿಂದ ಅದನ್ನೇ ಸುಮ್ಮನೆ ಕೆರೆಯುತ್ತಿದ್ದ ಆ ನಿಲುವು ಅವನಿಗೆ ಬುದ್ಧಿ ಬಂದಾಗಿನಿಂದ ಗೊತ್ತು. ಅಡಿಗೆಮನೆಯ ಕಟ್ಟೆಯ ಮುಂದೆ, ನಲ್ಲಿಯ ಸಾಲಿನಲ್ಲಿ, ಭಾವನ ಹೆಣದ ಪಕ್ಕದಲ್ಲಿ ಅಕ್ಕ ನಿಂತದ್ದು ಹೀಗೆಯೇ.

ಅಕ್ಕ ಕೆಲಸ ಮಾಡುತ್ತಿದ್ದ ಹೊಲಿಗೆ ಅಂಗಡಿ ಮುಚ್ಚಿ ಎರಡು ವರ್ಷವಾಗಿತ್ತು. ಆಮೇಲೂ ಅವಳ ಯಂತ್ರ ನಿಂತಿರಲಿಲ್ಲ. ದೊಡ್ಡವರ ಕೋಟು ಅವಳ ಕೈಯಲ್ಲಿ ಚಿಕ್ಕವರ ಕೋಟಾಗುತ್ತಿತ್ತು, ಪರದೆ ಲಂಗವಾಗುತ್ತಿತ್ತು. ಅಕ್ಕಪಕ್ಕದ ಮನೆಯವರು ಕೊಳ್ಳುತ್ತಿದ್ದರು. ಅವನ ಮಗಳಿಗೂ ಎರಡು ಬಂದಿದ್ದವು, ಅಳತೆ ತೆಗೆಯದೆಯೇ ಮೈಗೆ ಹಿಡಿದ ಹಾಗೆ ಕೂತಿದ್ದವು. "ಗಿರಾಕಿಗಳು ಬಿಟ್ಟು ಹೋಗಿದ್ದು ಕಣೋ," ಎನ್ನುತ್ತಿದ್ದಳು. ಮುಚ್ಚಿದ ಅಂಗಡಿಯಲ್ಲಿ ಯಾವ ಗಿರಾಕಿ ಏನು ಬಿಟ್ಟು ಹೋಗುತ್ತಾನೆ? ಅವನು ಕೇಳಲಿಲ್ಲ. ಪೆಟ್ಟಿಗೆಗಳ ಕೆಲಸ ಸಿಕ್ಕಿದಾಗ ಅವಳಿಗೆ ಹೇಳಬೇಕೆಂದು ಒಂದು ಸಂಜೆ ಅವಳ ಮನೆಗೆ ಹೋಗಿಯೂ ಇದ್ದ. ಕೂತು, ಟೀ ಕುಡಿದು, ಮಗಳ ಪರೀಕ್ಷೆಯ ಮಾತಾಡಿ ಎದ್ದು ಬಂದ. ಕೈ ಹಾಕಬೇಡ ಎಂದರೆ, ನೀನು ಕೈ ಹಾಕುವುದು ನನಗೆ ಗೊತ್ತು ಎಂದ ಹಾಗೆ. ಅವಳ ಮುಖ ಸಣ್ಣದಾಗುವುದನ್ನು ನೋಡುವುದು ಬೇಡವೆನ್ನಿಸಿತ್ತು.

ಅವಳು ಕತ್ತು ತಿರುಗಿಸಿ ನೋಡಿದಳು. ತುಟಿ ಒಣಗಿತ್ತು. ಕಣ್ಣು ಗ್ರೈಂಡರಿನ ಮೇಲೆ ನಿಂತು, ಆಮೇಲೆ ಅವನ ಮುಖಕ್ಕೆ ಏರಿತು.

"ಅಣ್ಣಾ," ಎಂದಳು. "ಸ್ವಲ್ಪ ಬೇಗ ಬಿಡಿಸ್ತೀರಾ?"

ಆರು ವರ್ಷ ದೊಡ್ಡವಳು. ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಇಷ್ಟು ವರ್ಷಗಳಲ್ಲಿ 'ಲೋ' ಎಂದೋ 'ಕತ್ತೆ' ಎಂದೋ ಕರೆದಿದ್ದಳೇ ಹೊರತು ಅವನಿಗೆ ಒಮ್ಮೆಯೂ ಬಹುವಚನ ಬಳಸಿದವಳಲ್ಲ.

"ಯಾರ್ರೀ ಇವಳು? ನಿಮ್ಮ ಕಡೆಯವಳಾ? ಎಲ್ಲಾದ್ರೂ ನೋಡಿದೀರಾ?" ಮೇಲ್ವಿಚಾರಕ ಅವನನ್ನು ಕೇಳಿದ.

ಅವನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು. "ಅವರಿಗೆಲ್ಲಿ ಗೊತ್ತಿರತ್ತೆ ಸಾರ್? ನಾನು ಈ ಕಡೆಯವಳೇ ಅಲ್ಲ."

ಶಾಲೆಯ ಕಾವಲುಗಾರನ ಕೋಣೆಯಿಂದ ವೈರು ಎಳೆದು ತಂದದ್ದಾಯಿತು. ವೆಲ್ಡರ್ ಪೆಟ್ಟಿಗೆಗೆ ಕಿವಿ ಹಚ್ಚಿ ತಟ್ಟುತ್ತಾ ತಗಡು ಎಲ್ಲಿ ಬೆಸೆದಿದೆ ಎಂದು ಹುಡುಕುವವನಂತೆ ಅವಳ ಮುಂದೆ ನಟಿಸಿದ. ಎಲ್ಲಿ ಬೆಸೆದಿದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಅಲ್ಲಾಡ್ಬೇಡಿ ಅಮ್ಮಾ," ಎಂದ.

ಅಕ್ಕ ಎಂದಿದ್ದರೂ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಬೀದಿಯಲ್ಲಿ ಎದುರಾಗುವ ಹೆಂಗಸರನ್ನೆಲ್ಲ ಜನ ಹಾಗೆಯೇ ಕರೆಯುತ್ತಾರೆ. ಆದರೂ ಅವನ ಬಾಯಿಗೆ ಬಂದದ್ದು 'ಅಮ್ಮಾ'.

"ತಗಡು ಎಲ್ಲಿ ತಾಗ್ತಿದೆ?"

"ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ. ತಾಗ್ತಿಲ್ಲ ಅಣ್ಣಾ, ಒಳಗೇ ಇಳಿದಿದೆ. ಎಳೆದಷ್ಟೂ ಕುಯ್ಯತ್ತೆ. ಅಂಚು ಉಜ್ಜಿಲ್ಲ ಅನ್ಸತ್ತೆ."

ಅವನು ತಲೆಯೆತ್ತಲಿಲ್ಲ.

"ಎಳೀಬೇಡಿ."

"ಎಳೆಯೋದು ಬಿಟ್ಟು ತುಂಬಾ ಹೊತ್ತಾಯ್ತು. ಬೆಸುಗೆ ಮಾತ್ರ ಗಟ್ಟಿಯಾಗಿದೆ. ಯಾರೋ ಕೆಲಸ ಗೊತ್ತಿರೋರೇ ಮಾಡಿದ್ದಾರೆ," ಎಂದಳು.

"ಯಾರೋ ಅಲ್ಲಮ್ಮ, ಇವರೇ ಮಾಡಿದ್ದು!" ಮೇಲ್ವಿಚಾರಕ ಅವನ ಭುಜ ತಟ್ಟಿದ. "ಇವರ ಕೈಚಳಕಾನೇ ಅದು. ಹದಿನೈದು ದಿನ ಆಗಿಲ್ಲ, ಆಗಲೇ ಒಂದು ಸಿಕ್ತು ನೋಡಿ."

ಅವಳು ಅವನನ್ನು ನೋಡಿದಳು. ಆ ನೋಟದಲ್ಲಿ ಏನಾದರೂ ಇದ್ದಿದ್ದರೆ, ಒಂದು ಬೈಗುಳ, ಒಂದು ಶಾಪ, ಒಂದು ಅಳು, ಅವನು ಅದನ್ನು ಹಿಡಿದುಕೊಂಡಾದರೂ ನಿಲ್ಲುತ್ತಿದ್ದನೇನೋ. ಏನೂ ಇರಲಿಲ್ಲ. ಅವಳು ಮುಖ ತಿರುಗಿಸಿ ಹಣೆಯನ್ನು ಪೆಟ್ಟಿಗೆಗೆ ಆನಿಸಿಕೊಂಡಳು. "ಶುರು ಮಾಡಿ ಅಣ್ಣಾ," ಎಂದಳು.

ಅವನು ಒದ್ದೆ ಗೋಣಿಯನ್ನು ಬಾಯಿಯ ಸಂದಿನಿಂದ ತುರುಕಿ, ತೋಳಿನ ಸುತ್ತ ಎಟುಕಿದಷ್ಟು ಮುಚ್ಚಿದ. ತೋಳು ತಣ್ಣಗಿತ್ತು. ಗ್ರೈಂಡರ್ ಕಿರುಚತೊಡಗಿತು. ನೀಲಿ ಬಣ್ಣ ಸುಟ್ಟ ವಾಸನೆ, ಕಿಡಿಗಳು, ಹಿಂದೆ ಸರಿದ ಜನ. ಕಬ್ಬಿಣ ಕಾದಾಗಲೆಲ್ಲ ಕಾವಲುಗಾರ ಚೊಂಬಿನಿಂದ ನೀರು ಸುರಿಯುತ್ತಿದ್ದ. ಅವಳು ಕೂಗಲಿಲ್ಲ. ಅವಳ ಬೆನ್ನು ಮಾತ್ರ ಆಗಾಗ ಸೆಟೆಯುತ್ತಿತ್ತು, ಆಗ ಅವನು ನಿಲ್ಲಿಸಿ ಕಾಯುತ್ತಿದ್ದ. ಇಪ್ಪತ್ತು ನಿಮಿಷ ಬೇಕಾಯಿತು. ಅಷ್ಟು ಗಟ್ಟಿ ಬೆಸೆದಿದ್ದ.

ತಗಡು ಕಳಚಿ ಒಳಗೆ ಬಿತ್ತು. ತೋಳು ಹೊರಗೆ ಬಂದಾಗ ಜನರ ನಗು ನಿಂತಿತು. ಮೊಣಕೈ ಕೆಳಗೆ ಮಾಂಸ ಬಾಯಿಬಿಟ್ಟಿತ್ತು. ಅದರಿಂದಾಚೆಗೆ ಕೈ ಮೇಣದ ಬಣ್ಣಕ್ಕೆ ತಿರುಗಿತ್ತು. ಬಿಗಿದ ಮುಷ್ಟಿಯೊಳಗೆ ಒಂದು ಬಟ್ಟೆ. ಅಷ್ಟರಲ್ಲಿ ಬಂದಿದ್ದ ಆಂಬ್ಯುಲೆನ್ಸಿನಿಂದ ಇಳಿದವನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅದನ್ನು ತೆಗೆದ. ಹಳೆಯದೊಂದು ದಿಂಬಿನ ಗವಸು, ಒಂದು ಮೂಲೆ ಹರಿದಿತ್ತು.

"ಬೆರಳು ಮಡಚಿ ನೋಡೋಣ," ಎಂದ ಆಂಬ್ಯುಲೆನ್ಸಿನವನು.

ಅವಳು ತನ್ನ ಕೈಯನ್ನೇ ನೋಡುತ್ತಾ ಕೂತಳು. ಯಾರದ್ದೋ ಕೈ ನೋಡಿದ ಹಾಗೆ. ಏನೂ ಅಲುಗಲಿಲ್ಲ.

"ಏನು ಕೆಲಸ ಮಾಡ್ತೀರಿ?"

"ಹೊಲಿಗೆ."

ಆಂಬ್ಯುಲೆನ್ಸಿನವನು ಗಾಯಕ್ಕೆ ಬಟ್ಟೆ ಸುತ್ತತೊಡಗಿದ. ಇತ್ತ ಮೇಲ್ವಿಚಾರಕ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, "ಈ ಬಾಯಿ ಹೀಗೇ ಬಿಟ್ರೆ ಸಂಜೆಯೊಳಗೆ ಖಾಲಿ ಮಾಡ್ತಾರೆ. ಒಂದು ತೇಪೆ ಹಾಕಿಬಿಡಿ. ಮಿಕ್ಕ ಮೂವತ್ತನ್ನೂ ಈ ವಾರವೇ ಶುರು ಮಾಡಿ," ಎಂದ.

ಅವಳನ್ನು ವ್ಯಾನಿಗೆ ಹತ್ತಿಸಿದರು. ಹತ್ತುವಾಗ ಒಂದು ಚಪ್ಪಲಿ ಕಳಚಿ ರಸ್ತೆಯಲ್ಲೇ ಉಳಿಯಿತು. ಕಾವಲುಗಾರ ಅದನ್ನೆತ್ತಿ ಒಳಗಿಟ್ಟ. ಬಾಗಿಲು ಎಳೆಯುತ್ತಿದ್ದ ಆಂಬ್ಯುಲೆನ್ಸಿನವನು ಅರ್ಧಕ್ಕೆ ನಿಲ್ಲಿಸಿ ಹೊರಗೆ ಬಗ್ಗಿದ.

"ಜೊತೇಲಿ ಯಾರು ಬರ್ತೀರಿ? ಆಪರೇಷನ್ ಆಗ್ಬೇಕಾಗಬಹುದು, ಸಹಿಗೆ ಮನೆಯವರು ಬೇಕು."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾರೂ ಇಲ್ಲ, ನಡೀರಿ," ಎಂಬ ಅವಳ ದನಿ ಒಳಗಿನಿಂದ ಬಂತು.

ಆದರೂ ಆಂಬ್ಯುಲೆನ್ಸಿನವನು ಇನ್ನೊಂದು ಗಳಿಗೆ ಬಾಗಿಲು ಹಿಡಿದುಕೊಂಡೇ ಇದ್ದ. ವೆಲ್ಡರ್ ಮೊಣಕೈಗೂ ಹೆಬ್ಬೆರಳಿಗೂ ನಡುವೆ ವೈರು ಸುತ್ತುತ್ತಿದ್ದ. ಒಂದು ಸುತ್ತು, ಇನ್ನೊಂದು ಸುತ್ತು, ಸಿಕ್ಕಾಗದಂತೆ ಜೋಪಾನವಾಗಿ. ಬಾಗಿಲು ಮುಚ್ಚಿತು.

ನಾನು ಬರ್ತೀನಿ, ನಾನು ಇವಳ ತಮ್ಮ ಎಂದು ಅವನು ಹೇಳಲಿಲ್ಲ.